'ನಮಾಜ್ ಪಡ್' ಅಂದ ಮೇಲೆ ಇನ್ನೊಂದು ಮಾತು



ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ನಿಮಿತ್ತ ನಮ್ಮ ಕಾಲೇಜಿನ ಹಾಲ್‌ನಲ್ಲಿ ನಡೆದ ಕಾರ್ಯಕ್ರಮ ಎಲ್ಲರಿಗೂ ನೆನಪಿರಬಹುದು. ಭಾಷಣ ಮುಗಿದ ಮೇಲೆ ಅತಿಥಿಗಳು "ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಿ" ಅಂದರು. ಬಹಳ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಫಸ್ಟ್ ಇಯರ್‌ನ ಒಬ್ಬ ಹುಡುಗ ಎದ್ದು ನಿಂತು, "ಸರ್, ಐದು ಹೊತ್ತು ನಮಾಜ್ ಮಾಡೋರಿಗೂ ಡಿಪ್ರೆಶನ್ ಬರ್ತದೇನ್ರಿ?" ಅಂತ ಕೇಳಿದ. ಹಾಲ್ ತುಂಬ ನಗು. ಹಿಂದಿನಿಂದ ಯಾರೋ "ಸರಿಯಾಗಿ ಮಾಡಿದ್ರ ಬರಂಗಿಲ್ಲ ಬಿಡು" ಅಂದರು. ಮತ್ತೆ ನಗು. ಅಷ್ಟರಲ್ಲಿ ಬೆಲ್ ಹೊಡೆಯಿತು, ವಂದನಾರ್ಪಣೆ ಆಯಿತು, ನಾವೆಲ್ಲ ಬಸ್ಸಿಗೆ ಓಡಿದೆವು.

ಆ ಹುಡುಗ ತಮಾಷೆಗೆ ಕೇಳಿರಲಿಲ್ಲ ಅಂತ ನನಗೆ ಅನ್ನಿಸಿತು. ಕುಳಿತ ಮೇಲೆ ಅವನು ತಲೆ ಎತ್ತಲೇ ಇಲ್ಲ. ಅವನಿಗೆ ಸಿಗದೆ ಹೋದ ಉತ್ತರವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಬರ್ತದ ತಮ್ಮಾ. ನಮಾಜ್ ಮಾಡುವವರಿಗೂ ಮನಸ್ಸಿನ ಕಾಯಿಲೆ ಬರ್ತದೆ. ನನಗೆ ಅದು ಬಂದದ್ದು ವುಜೂ ಮಾಡುವಾಗಲೇ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳು ಉಳಿದಿದ್ದಾಗ ಶುರುವಾಯಿತು. ಮೊಣಕೈಗೆ ನೀರು ಹಾಕಿದ ಮೇಲೆ ಅದು ಪೂರ್ತಿ ತೋಯ್ದಿದೆಯೋ ಇಲ್ಲವೋ ಅನ್ನುವ ಅನುಮಾನ. ನೋಡಿದರೆ ತೋಯ್ದಿದೆ. ಮುಟ್ಟಿದರೂ ತೋಯ್ದಿದೆ. ಆದರೂ ಒಂದು ಕೂದಲಿನಷ್ಟು ಜಾಗ ಒಣಗಿ ಉಳಿದಿದ್ದರೆ? ವುಜೂ ಆಗಲಿಲ್ಲ. ವುಜೂ ಇಲ್ಲದ ಮೇಲೆ ನಮಾಜ್ ಇಲ್ಲ. ನಮಾಜ್ ಇಲ್ಲದ ಮೇಲೆ ನಾನು ಯಾರು? ಹೀಗೆ ಯೋಚಿಸುತ್ತ ಮತ್ತೆ ಮೊದಲಿನಿಂದ ಕೈ ತೊಳೆಯುತ್ತಿದ್ದೆ. ಮೊದಮೊದಲು ಮೂರು ಸಲ ಇದ್ದದ್ದು ಏಳಾಯಿತು, ಹತ್ತಾಯಿತು. ಮುಸಲ್ಲೆಯ ಮೇಲೆ ನಿಂತರೆ ನಿಯ್ಯತ್ ಸರಿಯಾಗಿ ಕಟ್ಟಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ತಕ್ಬೀರ್. ಫಜರ್‌ನ ಎರಡು ರಕಾತಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಎಷ್ಟೋ ದಿನ ನಾನಿನ್ನೂ ಕಾಲು ತೊಳೆಯುತ್ತಿರುವಾಗಲೇ ಸೂರ್ಯ ಹುಟ್ಟಿ ನಮಾಜ್ ಕಜಾ ಆಗುತ್ತಿತ್ತು. ಕಾಮರ್ಸ್ ಸೇರಿದ ಮೇಲೆ ಇದು ಪುಸ್ತಕಕ್ಕೂ ಹಬ್ಬಿತು. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೊಂದಿದ್ದರೂ ಐದಾರು ಸಲ ಕೂಡಿಸಿ ನೋಡುತ್ತಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ ಹತ್ತೊಂಬತ್ತು ಮಾರ್ಕ್ಸಿನ ಲೆಕ್ಕ ಬಿಡಿಸಲು ಸಮಯವೇ ಉಳಿಯಲಿಲ್ಲ.

ನಮ್ಮ ಮನೆ ಕಿಣ್ಣಿ ಸುಲ್ತಾನದಲ್ಲಿ. ನಳಕ್ಕೆ ನೀರು ಬಂದಾಗ ಕೊಡ, ಹಂಡೆ, ಡ್ರಮ್ ಎಲ್ಲ ತುಂಬಿಡುವುದು ಅಮ್ಮಿಯ ಕೆಲಸ. ಅವರು ತುಂಬಿಟ್ಟದ್ದನ್ನು ನಾನು ಮೊಣಕೈ ಮೇಲೆ ಸುರಿದು ಖಾಲಿ ಮಾಡುತ್ತಿದ್ದೆ. ಅಮ್ಮಿ ಬೈಯುತ್ತಿದ್ದರು. ದಾದಿಮಾ ಮಾತ್ರ ನನ್ನ ಪರ. "ಪಾಕಿಯ ಬಗ್ಗೆ ಇಷ್ಟು ಕಾಳಜಿ ಈ ಕಾಲದ ಯಾವ ಹುಡುಗಿಗಿದೆ?" ಅಂತ ಓಣಿಯವರ ಮುಂದೆ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ನನಗೆ ಅಳು ಬರುತ್ತಿತ್ತು. ನಾನು ಅಲ್ಲಾಹನ ಪ್ರೀತಿಯಿಂದ ತೊಳೆಯುತ್ತಿರಲಿಲ್ಲ, ಭಯದಿಂದ ತೊಳೆಯುತ್ತಿದ್ದೆ. ಅದನ್ನು ಹೇಳಿದರೆ ಈಮಾನ್ ಕಡಿಮೆ ಅಂದಾರು ಅಂತ ಸುಮ್ಮನಿದ್ದೆ. ಒಂದು ದಿನ ಚರ್ಮ ಒಡೆದು ಬೆರಳಿನಿಂದ ರಕ್ತ ಬಂದಾಗ ಅಮ್ಮಿ ಬೈಯುವುದನ್ನು ನಿಲ್ಲಿಸಿ ಹೆದರಿದರು.

ಮೊದಲು ನಜರ್ ತೆಗೆದರು. ಮೆಣಸಿನಕಾಯಿ ಸುಟ್ಟರು. ಆಮೇಲೆ ಪಕ್ಕದ ಊರಿನ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನನ್ನು ಒಂದು ಮಾತೂ ಕೇಳದೆ "ಅಸರ್ ಇದೆ" ಅಂದರು. ಒಂದು ತಾಯಿತ, ದಮ್ ಮಾಡಿದ ನೀರಿನ ಎರಡು ಬಾಟಲಿ, ಒಂದೂವರೆ ಸಾವಿರ ರೂಪಾಯಿ. ಆ ನೀರು ಕುಡಿಯಲು ಲೋಟ ಪಾಕ್ ಇರಬೇಕಲ್ಲ ಅಂತ ಲೋಟ ತೊಳೆಯುವುದಕ್ಕೇ ನಾನು ಒಂದು ಕೊಡ ನೀರು ಮುಗಿಸಿದೆ. ಈಗ ನೆನೆದರೆ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ.

ದಾರಿ ತೋರಿಸಿದವರು ನಮ್ಮ ಮಸೀದಿಯ ಪೇಶ್ ಇಮಾಮ್ ಸಾಹೇಬರು. ಅಬ್ಬಾ ಒಂದು ದಿನ ಇಶಾ ಆದ ಮೇಲೆ ಅವರ ಹತ್ತಿರ ವಿಷಯ ತೆಗೆದರು. ಅವರು ಮನೆಗೆ ಬಂದು ಅಂಗಳದಲ್ಲಿ ಕುಳಿತು ನನ್ನನ್ನು ಕರೆಸಿದರು. "ಬೇಟಿ, ವುಜೂವಿನಲ್ಲಿ ಎಷ್ಟು ಸಲ ತೊಳೆಯಬೇಕು?" ಅಂತ ಕೇಳಿದರು. ಮೂರು ಅಂದೆ. "ಮೂರಕ್ಕಿಂತ ಹೆಚ್ಚಾದರೆ?" ಅದು ಮಿತಿ ಮೀರಿದಂತೆ, ಒಳ್ಳೆಯದಲ್ಲ ಅಂದೆ. "ಮುಗಿದ ಮೇಲೆ ಅನುಮಾನ ಬಂದರೆ?" ಫಿಕ್ಹ್‌ನಲ್ಲಿ ಒಂದು ನಿಯಮ ಇದೆ: ಖಚಿತವಾಗಿದ್ದದ್ದು ಬರಿಯ ಅನುಮಾನದಿಂದ ಅಳಿಯುವುದಿಲ್ಲ. ಅದೂ ನನಗೆ ಗೊತ್ತಿತ್ತು, ಮಕ್ತಬ್‌ನಲ್ಲಿ ಕಲಿಸಿದ್ದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಬ್ಬಾರ ಕಡೆ ತಿರುಗಿ ಹೀಗೆಂದರು: "ಹುಡುಗಿಗೆ ಮಸಲೆ ಎಲ್ಲ ಗೊತ್ತಿದೆ. ಗೊತ್ತಿದ್ದೂ ಕೈ ನಿಲ್ಲುತ್ತಿಲ್ಲ ಅಂದರೆ ಇದು ನಾನು ಹೇಳಿ ಕೊಡುವ ಮಸಲೆ ಅಲ್ಲ, ಇಲಾಜಿನ ಮಾತು. ದುವಾ ನಾನು ಮಾಡುತ್ತೇನೆ, ನೀವು ಡಾಕ್ಟರ್ ಹತ್ತಿರ ಹೋಗಿ."

ಕಲಬುರಗಿಯಲ್ಲಿ ಮನೋವೈದ್ಯರೊಬ್ಬರನ್ನು ಕಂಡೆವು. ಅವರು ಕನ್ನಡದವರು, ಮುಸ್ಲಿಮರಲ್ಲ. "ಇದಕ್ಕೆ ಗೀಳು ಕಾಯಿಲೆ ಅಂತಾರವ್ವ, ಒಸಿಡಿ. ಯಾವುದರ ಮ್ಯಾಲ ನಮಗ ಭಾಳ ಕಾಳಜಿ ಇರ್ತದೋ ಅದಕ್ಕ ಹೋಗಿ ಅಂಟ್ಕೋತದ. ಒಬ್ಬರಿಗೆ ಬಾಗಿಲ ಚಿಲಕ, ಒಬ್ಬರಿಗೆ ಗ್ಯಾಸ್, ಒಬ್ಬರಿಗೆ ದೇವರು" ಅಂದರು. ಮಾತ್ರೆ ಬರೆದರು. ಜೊತೆಗೆ ಒಂದು ಅಭ್ಯಾಸ ಹೇಳಿದರು: ಒಂದೇ ಲೋಟಾ ನೀರು, ಒಂದೇ ವುಜೂ. ಆಗಿಲ್ಲ ಅನ್ನಿಸಿದರೂ ಮತ್ತೆ ತೊಳೆಯಬಾರದು. ಭಯ ಏರುತ್ತದೆ, ಏರಲಿ. ತಾನಾಗಿ ಇಳಿಯುವವರೆಗೆ ತಡೆದುಕೊಳ್ಳಬೇಕು. ಇದನ್ನು ಕೇಳಿ ನಾನೂ ಅಬ್ಬಾನೂ ಮುಖ ಮುಖ ನೋಡಿಕೊಂಡೆವು. ಪೇಶ್ ಇಮಾಮ್ ಸಾಹೇಬರು ಫಿಕ್ಹ್‌ನಿಂದ ಹೇಳಿದ ಮಾತೂ ಇವರು ವೈದ್ಯಶಾಸ್ತ್ರದಿಂದ ಹೇಳಿದ ಮಾತೂ ಒಂದೇ: ಅನುಮಾನಕ್ಕೆ ಉತ್ತರ ಕೊಡಬೇಡ. ಆದರೆ ಇಮಾಮ್ ಸಾಹೇಬರ ಮಾತು ನನ್ನ ಕೈಗೆ ಇಳಿಯಬೇಕಾದರೆ ಈ ಡಾಕ್ಟರ ಮಾತ್ರೆ, ಅಭ್ಯಾಸ ಎರಡೂ ಬೇಕಾದವು.

ಇದು ನನ್ನ ಕಥೆ. ಇದನ್ನು ಬರೆಯಲು ಕಾರಣ, ನಮ್ಮ ಮನೆಗಳಲ್ಲಿ ಎಲ್ಲ ವಯಸ್ಸಿನವರಿಗೂ ಎಲ್ಲ ನೋವಿಗೂ ಇರುವ ಒಂದೇ ಮಾತು: "ನಮಾಜ್ ಪಡ್, ಸಬ್ ಟೀಕ್ ಹೋತಾ." ಆ ಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ. ಅಲ್ಲಾಹನ ನೆನಪಿನಲ್ಲಿ ಹೃದಯಕ್ಕೆ ನೆಮ್ಮದಿ ಇದೆ ಅನ್ನುವುದು ಕುರಾನ್‌ನ ಮಾತು, ನನ್ನ ನಂಬಿಕೆಯೂ ಹೌದು. ನನ್ನ ತಕರಾರು ಬೇರೆ. ನಾವು ಆ ಮಾತು ಹೇಳಿ ಎದ್ದು ಹೋಗುತ್ತೇವೆ. ಎದುರಿಗಿದ್ದವರು ಏನೋ ಹೇಳಲು ಬಾಯಿ ತೆರೆದಿರುತ್ತಾರೆ, ಈ ಮಾತು ಕೇಳಿ ಮುಚ್ಚಿಕೊಳ್ಳುತ್ತಾರೆ. ನಮ್ಮ ದೀನ್ ಹೀಗೆ ಮಾಡಿಲ್ಲ. ಒಬ್ಬೊಬ್ಬರ ನೋವನ್ನು ಅವರವರ ವಯಸ್ಸಿಗೆ ತಕ್ಕ ಹಾಗೆ ಕೇಳಿದ ಉದಾಹರಣೆಗಳು ನಮ್ಮಲ್ಲೇ ಇವೆ. ನಾನು ಕಂಡ ಕೆಲವರನ್ನು ಇಟ್ಟುಕೊಂಡು ಅವನ್ನು ನೆನಪಿಸುತ್ತೇನೆ.

ಮೊದಲು ಮಕ್ಕಳು. ನಮ್ಮ ಓಣಿಯ ಏಳು ವರ್ಷದ ಹುಡುಗನೊಬ್ಬ ರಾತ್ರಿ ಬೆಚ್ಚಿ ಏಳುತ್ತಿದ್ದ, ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಯಾರೋ ಅವನಿಗೆ ಕಬರಿನ ಅಜಾಬಿನ ಬಗ್ಗೆ ಬಣ್ಣ ಬಣ್ಣವಾಗಿ ಹೇಳಿದ್ದರು. ನಮಾಜ್ ತಪ್ಪಿಸಿದರೆ ಹಾವು ಬರುತ್ತದೆ ಅಂತ ಅವನು ನಂಬಿದ್ದ. ಇನ್ನು ನಮ್ಮ ಪೈಗಂಬರರನ್ನು (ಸ.ಅ.) ನೋಡಿ. ಅಬೂ ಉಮೈರ್ ಅನ್ನುವ ಚಿಕ್ಕ ಹುಡುಗನ ಪುಟ್ಟ ಹಕ್ಕಿ ಸತ್ತು ಹೋಗಿ ಅವನು ಸಪ್ಪಗೆ ಕುಳಿತಿದ್ದಾಗ, ಅವರು ಆ ಹಕ್ಕಿಯ ಹೆಸರು ಹಿಡಿದೇ ಅವನನ್ನು ಮಾತಾಡಿಸಿದರು. ಜಮಾತಿನಲ್ಲಿ ಮಗು ಅಳುವುದು ಕೇಳಿದರೆ ನಮಾಜನ್ನೇ ಚಿಕ್ಕದಾಗಿ ಮುಗಿಸುತ್ತಿದ್ದರು. ಮಗುವಿನ ಅಳು ಅವರಿಗೆ ನಮಾಜಿಗೆ ಅಡ್ಡಿ ಅನ್ನಿಸಲಿಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ ಅನ್ನಿಸಿತು.

ಆಮೇಲೆ ನಮ್ಮ ವಯಸ್ಸು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ನಮ್ಮ ಸೆಕ್ಷನ್‌ನಲ್ಲಿ 80 ಜನ ಇದ್ದೇವೆ ಅಂತ ಇಟ್ಟುಕೊಂಡು ಗುಣಿಸಿದರೆ ಸುಮಾರು 6 ಜನ. ನಾನು ಒಬ್ಬಳು, ಉಳಿದ ಐವರು ಯಾರು? ಎನ್‌ಸಿಆರ್‌ಬಿ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಖುದ್‌ಕುಶಿ ಹರಾಮ್ ಅನ್ನುವುದು ನಮಗೆ ಚಿಕ್ಕಂದಿನಿಂದ ಗೊತ್ತು. ಅದು ಎಷ್ಟೋ ಜನರನ್ನು ತಡೆದಿಯೂ ಇರಬಹುದು. ಆದರೆ ಹರಾಮ್ ಅಂತ ಗೊತ್ತಿದ್ದೂ ಆ ಯೋಚನೆ ಬಂದವರು ಅದನ್ನು ಯಾರ ಮುಂದೆ ಹೇಳಬೇಕು? ಹೇಳಿದ ಕೂಡಲೇ "ತೌಬಾ ತೌಬಾ" ಅಂತ ಬಾಯಿ ಮುಚ್ಚಿಸಿದರೆ ಯೋಚನೆ ಹೋಗುವುದಿಲ್ಲ, ಮಾತು ಮಾತ್ರ ನಿಲ್ಲುತ್ತದೆ.

ನಮ್ಮ ವಯಸ್ಸಿನವರಿಗೆ ಇನ್ನೊಂದು ತೊಂದರೆ ಇದೆ. ಮನಸ್ಸು ಕುಗ್ಗಿದಾಗ ನಮಾಜಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ನಮಾಜ್ ತಪ್ಪುತ್ತದೆ, ತಪ್ಪಿದ್ದಕ್ಕೇ ಈ ದುಃಖ ಬಂತು ಅಂತ ನಮಗೆ ನಾವೇ ಶಿಕ್ಷೆ ಕೊಟ್ಟುಕೊಳ್ಳುತ್ತೇವೆ. ಕಾರಣ ಯಾವುದು, ಪರಿಣಾಮ ಯಾವುದು ಅಂತ ತಿರುವು ಮುರುವಾಗುತ್ತದೆ. ಸಾವಿರ ವರ್ಷಕ್ಕೂ ಹಿಂದೆ, ಇವತ್ತಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದಲ್ಲಿ ಹುಟ್ಟಿದ ಅಬೂ ಜೈದ್ ಅಲ್-ಬಲ್ಖಿ (850–934) ದೇಹ ಮತ್ತು ಮನಸ್ಸುಗಳ ಪಾಲನೆಯ ಬಗ್ಗೆ ಒಂದು ಗ್ರಂಥ ಬರೆದರು. ಅದರಲ್ಲಿ ಕೋಪ, ಭಯ, ದುಃಖ, ವಸ್ವಾಸ್ ಈ ನಾಲ್ಕನ್ನು ಬೇರೆ ಬೇರೆಯಾಗಿ ವಿವರಿಸಿದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ ಅಂತಲೂ ಹೇಳಿದರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಅದಕ್ಕೂ ಉಪಾಯ ಬೇಕು ಅನ್ನುವುದು ಅವರ ವಾದ. ನಾನು ಹತ್ತು ಸಲ ಕೈ ತೊಳೆದದ್ದಕ್ಕೆ ಒಂದು ಹೆಸರು ನಮ್ಮವರೇ ಅಷ್ಟು ಹಿಂದೆ ಬರೆದಿಟ್ಟಿದ್ದರು. ನಾವು ಅದನ್ನು ಬಿಟ್ಟು "ಅಸರ್" ಅಂದೆವು.

ಹೆರಿಗೆಯಾದ ಹೆಣ್ಣುಮಕ್ಕಳ ಮಾತು ಇನ್ನೂ ಕಷ್ಟದ್ದು. ನನ್ನ ಖಾಲಾಗೆ ಎರಡನೆಯ ಹೆರಿಗೆಯ ಮೇಲೆ ನಲವತ್ತು ದಿನದ ಚಿಲ್ಲಾದಲ್ಲಿ ಮಗುವಿನ ಮುಖ ನೋಡಲೂ ಮನಸ್ಸಾಗುತ್ತಿರಲಿಲ್ಲ. ಸುಮ್ಮಸುಮ್ಮನೆ ಅಳುತ್ತಿದ್ದರು. ಆ ದಿನಗಳಲ್ಲಿ ಹೆಣ್ಣಿಗೆ ನಮಾಜಿನಿಂದಲೂ ರಿಯಾಯಿತಿ ಇರುತ್ತದೆ, ಹಾಗಾಗಿ ನಮ್ಮ ಒಂದೇ ಒಂದು ಮಾತೂ ಅಲ್ಲಿ ನಡೆಯಲಿಲ್ಲ. ಉಳಿದದ್ದು "ಶೈತಾನ್ ಕಾ ಸಾಯಾ", "ಮಾಂ ಹೋಕೆ ಐಸಾ ಕರ್ತೇ ಕ್ಯಾ" ಅನ್ನುವ ಮಾತುಗಳು. ಮಗುವಿಗೆ ಚುಚ್ಚುಮದ್ದಿನ ನೆನಪು ಮಾಡಲು ಬಂದ ಆಶಾ ಕಾರ್ಯಕರ್ತೆ ಖಾಲಾರನ್ನು ನೋಡಿ, ಮಗುವಿನ ಬದಲು ತಾಯಿಯನ್ನು ಮೊದಲು ಆಸ್ಪತ್ರೆಗೆ ಕಳಿಸಿದರು. ಹಜ್ರತ್ ಮರಿಯಮ್‌ರ ಪ್ರಸಂಗವನ್ನು ನಾವೆಲ್ಲ ಓದಿದ್ದೇವೆ. ಹೆರಿಗೆಯ ನೋವಿನಲ್ಲಿ ಖರ್ಜೂರದ ಮರದ ಬುಡದಲ್ಲಿ ಒಬ್ಬರೇ ಕುಳಿತು, ಇದಕ್ಕಿಂತ ಮೊದಲೇ ಸತ್ತು ಹೋಗಿದ್ದರೆ ಚೆನ್ನಿತ್ತು ಅಂತ ಅವರು ಹಂಬಲಿಸಿದ್ದನ್ನು ಕುರಾನ್ ಮುಚ್ಚಿಡದೆ ಹೇಳುತ್ತದೆ. ಅದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ. ದುಃಖಪಡಬೇಡ ಅನ್ನುವ ಸಾಂತ್ವನ ಸಿಕ್ಕಿತು, ಕಾಲ ಕೆಳಗೆ ಹರಿಯುವ ನೀರು ಸಿಕ್ಕಿತು, ತಿನ್ನಲು ಹಣ್ಣು ಸಿಕ್ಕಿತು. ನಾವು ಖಾಲಾಗೆ ಕೊಟ್ಟದ್ದು ಏನು ಅಂತ ಆಮೇಲೆ ಅಮ್ಮಿಯೇ ಕೇಳಿಕೊಂಡರು.

ಗಂಡಸರು ಹೇಳುವುದೇ ಇಲ್ಲ. 2022ರ ಕೊನೆಗೆ ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿದ್ದದ್ದು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಹೂ ಕಾಯಿ ಹಿಡಿದು ನಿಂತ ಬೆಳೆ ನಿಂತ ಹಾಗೇ ಒಣಗಿತು. ನಮ್ಮ ಚಿಚ್ಚಾ ಆಗ ಪಾಲಿಗೆ ಹೊಲ ಮಾಡಿದ್ದರು. ಆ ಚಳಿಗಾಲ ಅವರು ಇಶಾ ಆದ ಮೇಲೂ ಮಸೀದಿಯಲ್ಲೇ ತಾಸುಗಟ್ಟಲೆ ಕುಳಿತಿರುತ್ತಿದ್ದರು. "ಬಹಳ ದೀನ್‌ದಾರ್ ಆಗಿದ್ದಾನೆ" ಅಂತ ಎಲ್ಲರೂ ಖುಷಿಪಟ್ಟೆವು. ಮನೆಗೆ ಬಂದರೆ ಸಾಲ ಕೊಟ್ಟವರು ಬಾಗಿಲಲ್ಲಿ ಇರುತ್ತಾರೆ, ನಿದ್ದೆ ಹತ್ತದೆ ಎರಡು ತಿಂಗಳಾಗಿದೆ ಅಂತ ಅವರು ಹೇಳಿದ್ದು ಮರುವರ್ಷ. ಇಮಾಮ್ ಗಜಾಲಿಯವರ ಹೆಸರು ಕೇಳದ ಮುಸ್ಲಿಂ ಮನೆ ಇಲ್ಲ. ಬಗ್ದಾದಿನ ನಿಜಾಮಿಯಾದಲ್ಲಿ ದೊಡ್ಡ ಉಸ್ತಾದರಾಗಿದ್ದ ಅವರಿಗೆ 1095ರಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಾಯಿತು. ಅನ್ನ ಇಳಿಯಲಿಲ್ಲ. ಹಕೀಮರು ನೋಡಿ, ಈ ರೋಗ ಹೃದಯದಲ್ಲಿ ಹುಟ್ಟಿ ದೇಹಕ್ಕೆ ಇಳಿದಿದೆ ಅಂದರು. ಅವರು ಹುದ್ದೆ ಬಿಟ್ಟು ಹೊರಟರು, ವರ್ಷಗಳ ನಂತರ ಈ ಎಲ್ಲವನ್ನೂ ತಮ್ಮ ಕೈಯಾರೆ ಬರೆದರು. ಅಂಥ ಆಲಿಮರಿಗೆ ಹೇಳಿಕೊಳ್ಳಲು ನಾಚಿಕೆ ಆಗಲಿಲ್ಲ. ಚಿಚ್ಚಾಗೆ ಆಯಿತು, ಯಾಕೆಂದರೆ ನಾವು ಯಾರೂ ಕೇಳಿರಲಿಲ್ಲ.

ಇನ್ನು ದಾದಿಮಾ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಮನಸ್ಸು ಅವರದ್ದೇ. ದಾದಾ ಹೋದ ಮೇಲೆ ತಸ್ಬೀಹ್ ಮಣಿಯೇ ಅವರನ್ನು ನಿಲ್ಲಿಸಿತು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬಾದತ್‌ನಿಂದ ಮನಸ್ಸಿಗೆ ಏನೂ ಆಗುವುದಿಲ್ಲ ಅನ್ನುವವರು ದಾದಿಮಾರನ್ನು ನೋಡಿಲ್ಲ. ಆದರೆ ಹೋದ ವರ್ಷ ಮೊಣಕಾಲು ಹಿಡಿದು ಅವರು ಹೊರಗೆ ಹೋಗುವುದು ನಿಂತಿತು. ಅಸರ್ ನಮಾಜ್ ಆದ ಮೇಲೆ ಓಣಿಯ ಮುದುಕಿಯರೆಲ್ಲ ಒಂದು ಕಟ್ಟೆಯ ಮೇಲೆ ಕೂಡುತ್ತಾರೆ, ಅದು ತಪ್ಪಿತು. ತಸ್ಬೀಹ್ ಅದೇ, ನಮಾಜ್ ಅದೇ, ದಾದಿಮಾ ಮಾತ್ರ ದಿನದಿನಕ್ಕೆ ಮಂಕಾದರು. ಊಟ ಬಿಟ್ಟರು. ಕೊನೆಗೆ ಅಬ್ಬಾ ಒಂದು ಉಪಾಯ ಮಾಡಿ ನಮ್ಮ ಅಂಗಳಕ್ಕೇ ಎರಡು ಚಾಪೆ ಹಾಕಿಸಿ ಆ ಮುದುಕಿಯರನ್ನೆಲ್ಲ ಇಲ್ಲಿಗೇ ಕರೆಸಿದರು. ಒಂದು ವಾರದಲ್ಲಿ ಅವರು ಮತ್ತೆ ನನಗೆ ಬೈಯಲು ಶುರು ಮಾಡಿದರು. ಐದು ಹೊತ್ತಿನ ನಮಾಜನ್ನು ಜಮಾತಿನಲ್ಲಿ ಮಾಡುವುದಕ್ಕೆ ಯಾಕೆ ಅಷ್ಟು ಮಹತ್ವ ಅಂತ ನನಗೆ ಆಗ ಸ್ವಲ್ಪ ಅರ್ಥವಾಯಿತು. ಮುಪ್ಪಿನಲ್ಲಿ ಹಜ್ರತ್ ಯಾಕೂಬರು ಮಗನಿಗಾಗಿ ಕಣ್ಣು ಬೆಳ್ಳಗಾಗುವವರೆಗೆ ದುಃಖಿಸಿದರು ಅಂತ ಕುರಾನ್ ಹೇಳುತ್ತದೆ. ಸಬರಿಗೇ ಹೆಸರಾದ ನಬಿ ಅವರು. ಸಬರ್ ಇದ್ದವರು ಅಳುವುದಿಲ್ಲ ಅನ್ನುವುದು ನಾವು ಮಾಡಿಕೊಂಡ ಕಾನೂನು.

ಇಲ್ಲಿ ಕೆಲವರು ಕೇಳಬಹುದು: ಹಾಗಾದರೆ ದರ್ಗಾಕ್ಕೆ ಹೋಗಬಾರದೇ? ನಾನು ಹಾಗೆ ಹೇಳುವುದಿಲ್ಲ. ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೆ ನಾನೂ ಹೋಗುತ್ತೇನೆ. ಅಲ್ಲಿ ಕುಳಿತರೆ ಎದೆ ಹಗುರಾಗುತ್ತದೆ. ನಮ್ಮ ಭಾಗದಲ್ಲಿ ಇದು ಮುಸ್ಲಿಮರ ಮಾತು ಮಾತ್ರವೂ ಅಲ್ಲ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಕ್ಷೇತ್ರಕ್ಕೂ "ಮೈಮೇಲೆ ಬಂದಿದೆ" ಅನ್ನುವವರನ್ನು ದೂರದೂರದಿಂದ ಕರೆತರುತ್ತಾರೆ. ಕಷ್ಟ ಬಂದವರು ದೇವರ ಬಾಗಿಲಿಗೆ ಹೋಗುವುದು ಸಹಜ. ಆದರೆ ಅದೊಂದೇ ಬಾಗಿಲು ಅಂದುಕೊಂಡರೆ ಏನಾಗುತ್ತದೆ ಅಂತ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದೇಶ ನೋಡಿದೆ. ಅಲ್ಲಿಯ ದರ್ಗಾಕ್ಕೆ ಬರುತ್ತಿದ್ದ ಮನೋರೋಗಿಗಳನ್ನು ಸುತ್ತಮುತ್ತ ಖಾಸಗಿಯವರು ಹಾಕಿಕೊಂಡಿದ್ದ ಶೆಡ್ಡುಗಳಲ್ಲಿ ಸರಪಳಿ ಹಾಕಿ ಇಡುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿ ಇದ್ದುದರಿಂದ ಓಡಲಾಗದೆ 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದ ಮನೆಯವರಲ್ಲಿ ಎಷ್ಟೋ ಜನ ಒಳ್ಳೆಯದಾಗಲಿ ಅಂತಲೇ ಬಿಟ್ಟಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಈಗ ಯಾವ ಮನೋರೋಗಿಗೂ ಸರಪಳಿ ಹಾಕುವಂತಿಲ್ಲ.

ದವಾ ಮತ್ತು ದುವಾ ಎರಡೂ ಒಂದೇ ಅಂಗಳದಲ್ಲಿ ಇರಬಹುದು ಅನ್ನುವುದಕ್ಕೂ ಉದಾಹರಣೆ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಅನ್ನುವ ಯೋಜನೆ ನಡೆಯಿತು. ಮುಜಾವರರು ದುವಾ ಮಾಡಿ, ಅಲ್ಲೇ ಇರುವ ಮನೋವೈದ್ಯರ ಹತ್ತಿರ ರೋಗಿಯನ್ನು ಕಳಿಸುತ್ತಾರೆ. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ಭಾಗ ಇತ್ತು. ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಯಲ್ಲೇ ಖಾಜಾ ಬಂದಾನವಾಜರ ಹೆಸರಿನಲ್ಲಿ ದರ್ಗಾವೂ ಇದೆ, ಅದೇ ಹೆಸರಿನ ಮೆಡಿಕಲ್ ಕಾಲೇಜೂ ಇದೆ. ಒಂದು ಕಡೆ ಫಾತಿಹಾ ಓದಿ ಇನ್ನೊಂದು ಕಡೆ ಚೀಟಿ ಮಾಡಿಸಿದರೆ ನಂಬಿಕೆಗೆ ಏನು ಕಡಿಮೆಯಾಯಿತು?

ತವಕ್ಕುಲ್ ಇದ್ದವರಿಗೆ ಮಾತ್ರೆ ಯಾಕೆ ಅನ್ನುವ ಪ್ರಶ್ನೆಯನ್ನು ನನ್ನ ಗೆಳತಿಯೊಬ್ಬಳು ಕೇಳಿದ್ದಳು. ಒಂಟೆಯನ್ನು ಕಟ್ಟಬೇಕೋ, ಅಲ್ಲಾಹನ ಮೇಲೆ ಭಾರ ಹಾಕಿ ಬಿಡಬೇಕೋ ಅಂತ ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭಾರ ಹಾಕು ಅಂತ ಪೈಗಂಬರರು (ಸ.ಅ.) ತಿಳಿಸಿದ ಹದೀಸ್ ಅವಳಿಗೂ ಗೊತ್ತಿತ್ತು. ಅವಳ ಅಬ್ಬಾ ಶುಗರ್‌ಗೆ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ತವಕ್ಕುಲ್ ಬಗ್ಗೆ ಯಾರೂ ಅನುಮಾನ ಪಟ್ಟಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಮಾತನ್ನೂ ನಾನು ಕೇಳಿದ್ದೇನೆ: ನಿನ್ನ ಕಾಯಿಲೆಗೆ ಧರ್ಮವೇ ಕಾರಣ, ನಮಾಜ್ ಬಿಟ್ಟುಬಿಡು. ಅದನ್ನೂ ಒಪ್ಪಲಾರೆ. ಗೀಳು ನನ್ನ ನಮಾಜನ್ನು ಕಿತ್ತುಕೊಂಡಿತ್ತು, ಇಲಾಜು ಅದನ್ನು ತಿರುಗಿ ಕೊಟ್ಟಿತು. ಈಗ ಫಜರ್‌ನ ಎರಡು ರಕಾತು ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ, ಅದರಲ್ಲಿ ಒಂದೆರಡು ನಿಮಿಷವಾದರೂ ನಾನು ನಿಜವಾಗಿ ಅಲ್ಲಾಹನ ಮುಂದೆ ನಿಂತಿರುತ್ತೇನೆ.

ಕೊನೆಗೆ ನಮ್ಮ ಕಾಲೇಜಿಗೆ ಕೆಲವು ವಿನಂತಿ. ವುಜೂಖಾನೆಯ ಗೋಡೆಯ ಮೇಲೂ ಹುಡುಗಿಯರ ಕೋಣೆಯಲ್ಲೂ ಟೆಲಿ-ಮಾನಸ್ ನಂಬರ್ 14416 ಅನ್ನು ಕನ್ನಡ, ಉರ್ದು ಎರಡರಲ್ಲೂ ದೊಡ್ಡದಾಗಿ ಬರೆಸಬೇಕು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಈ ಸರ್ಕಾರಿ ಸೇವೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಮಾಡಲಾಗಿದೆ. ಅದರ ಮಾಹಿತಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ವಾರಕ್ಕೆ ಒಂದು ಪೀರಿಯಡ್ ಒಬ್ಬ ಸರ್, ಒಬ್ಬ ಮೇಡಂ ಸುಮ್ಮನೆ ಕೇಳಲು ಕುಳಿತುಕೊಳ್ಳಬೇಕು. ಹೇಳಿದ್ದನ್ನು ಸ್ಟಾಫ್ ರೂಮಿಗೆ ಒಯ್ಯಬಾರದು. ಜೀವಕ್ಕೆ ಅಪಾಯ ಇದ್ದರೆ ಮಾತ್ರ ನಮಗೆ ಹೇಳಿಯೇ ಮನೆಯವರಿಗೆ ತಿಳಿಸಬೇಕು. ವರ್ಷಕ್ಕೆ ಒಂದು ಜುಮ್ಮಾದ ಬಯಾನ್ ಈ ವಿಷಯದ ಮೇಲೆ ಆಗಲಿ ಅಂತ ನಮ್ಮ ಊರುಗಳ ಇಮಾಮ್ ಸಾಹೇಬರಿಗೆ ಕಾಲೇಜಿನಿಂದ ಒಂದು ಪತ್ರ ಹೋಗಲಿ. ನಮ್ಮ ಇಮಾಮ್ ಸಾಹೇಬರ ಒಂದು ಮಾತು ಅಬ್ಬಾರನ್ನು ಕಲಬುರಗಿಯವರೆಗೆ ಕರೆದುಕೊಂಡು ಹೋಯಿತು. ಪೋಸ್ಟರ್‌ಗೆ ಆ ಶಕ್ತಿ ಇಲ್ಲ.

ಸ್ನೇಹಿತರಿಗೂ ಒಂದು ವಿನಂತಿ. ಯಾರಾದರೂ ಮನಸ್ಸಿನ ನೋವು ಹೇಳಿಕೊಂಡರೆ "ನಮಾಜ್ ಪಡ್" ಅನ್ನಿ, ಬೇಡ ಅನ್ನುವುದಿಲ್ಲ. ಅಂದ ಮೇಲೆ ಎದ್ದು ಹೋಗಬೇಡಿ. "ನಿದ್ದೆ ಬರ್ತದಾ? ಊಟ ಮಾಡ್ತಿಯಾ? ಎಷ್ಟು ದಿನದಿಂದ ಹೀಂಗಾಗ್ಯದ?" ಅಂತ ಕೇಳಿ. ಉತ್ತರ ಬರುವವರೆಗೆ ಕುಳಿತುಕೊಳ್ಳಿ.

ಫಸ್ಟ್ ಇಯರ್‌ನ ಆ ತಮ್ಮನಿಗೆ: ನಿನ್ನ ಪ್ರಶ್ನೆ ಒಳ್ಳೆಯದಿತ್ತು. ನಾನೂ ಆವತ್ತು ಕೈ ಎತ್ತಿ "ಹೌದು, ಬರ್ತದ" ಅನ್ನಬೇಕಿತ್ತು, ಧೈರ್ಯ ಆಗಲಿಲ್ಲ. ನಾನು ಪೂರ್ತಿ ಗುಣವಾಗಿದ್ದೇನೆ ಅಂತ ಹೇಳುವುದಿಲ್ಲ. ಮಾತ್ರೆ ನಡೆದಿದೆ. ಬಹಳಷ್ಟು ದಿನ ಒಂದೇ ಲೋಟಾದಲ್ಲಿ ವುಜೂ ಆಗುತ್ತದೆ, ಕೆಲವು ದಿನ ಎರಡು. ಟ್ರಯಲ್ ಬ್ಯಾಲೆನ್ಸ್ ಸರಿಹೊಂದದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗಿ ಅಂತ ನಮ್ಮ ಅಕೌಂಟೆನ್ಸಿ ಮೇಡಂ ಹೇಳುತ್ತಾರೆ. ನಾನೂ ನನ್ನ ಅನುಮಾನವನ್ನು ಅಲ್ಲಿಗೆ ಹಾಕಿ ಮುಸಲ್ಲೆಯ ಮೇಲೆ ನಿಲ್ಲುತ್ತೇನೆ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಎರಡೇ ಸಲ ಓದಿದ್ದೇನೆ. ತಪ್ಪಿದ್ದರೆ ಮಾಫಿ ಇರಲಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ